ಲೋಹದ ಬೆಳಕು ಮತ್ತು ಕನ್ನಡದ ಮಾತು: ಒಂದು ಪರಿಭಾಷಾ ವಿಮರ್ಶೆ

೧. ಪ್ರಸಕ್ತಿ

ಕಾವ್ಯ, ಶಾಸನ, ವ್ಯಾಕರಣ ಇವುಗಳ ವಿಚಾರಕ್ಕೆ ಮೀಸಲಾದ ಪತ್ರಿಕೆಯಲ್ಲಿ, ಸಂಸ್ಕೃತ ಪಾಠಶಾಲೆಯಲ್ಲಿ ಓದಿ ಬೆಳೆದವನೊಬ್ಬನು ಲೋಹದ ಕಣಗಳಿಂದ ಹೊಮ್ಮುವ ಬೆಳಕನ್ನು ಕುರಿತು ಬರೆಯಹೊರಟರೆ ವಾಚಕರಿಗೆ ಆಶ್ಚರ್ಯವಾಗುವುದು ಸಹಜವೇ. ಭೌತಶಾಸ್ತ್ರವನ್ನು ಬೋಧಿಸುವ ಅಧಿಕಾರ ನನಗಿಲ್ಲ. ಇಲ್ಲಿ ನಾನು ಪರೀಕ್ಷಿಸಹೊರಟಿರುವುದು ಆ ವಸ್ತುವನ್ನಲ್ಲ, ಅದನ್ನು ಕನ್ನಡದಲ್ಲಿ ಹೇಳುವ ಮಾತನ್ನು. ಶಬ್ದವು ಅರ್ಥವನ್ನು ಹೊತ್ತಿದೆಯೇ, ಅರ್ಥವು ಶಬ್ದದಲ್ಲಿ ಬೆಳಗುತ್ತಿದೆಯೇ ಎಂದು ನೋಡುವುದೇ ವಿಮರ್ಶಕನ ಕೆಲಸ. ಈ ಕೆಲಸದಲ್ಲಿ ಕಾವ್ಯಕ್ಕೊಂದು ನ್ಯಾಯ, ಶಾಸ್ತ್ರಗದ್ಯಕ್ಕೆ ಇನ್ನೊಂದು ನ್ಯಾಯ ಎಂಬ ಭೇದವಿಲ್ಲವೆಂದು ನನ್ನ ಭಾವನೆ.

ಈ ವಿಚಾರ ಹೊಸದೂ ಅಲ್ಲ. ೧೯೧೮ರಲ್ಲಿ ಬೆಂಗಳೂರಿನಲ್ಲಿ ಬೆಳ್ಳಾವೆ ವೆಂಕಟನಾರಣಪ್ಪನವರೂ ನಂಗಪುರಂ ವೆಂಕಟೇಶ ಅಯ್ಯಂಗಾರ್ಯರೂ ‘ವಿಜ್ಞಾನ’ ಎಂಬ ಮಾಸಪತ್ರಿಕೆಯನ್ನು ಹೊರಡಿಸಿದಾಗಲೇ ಇದು ಮೊದಲಾಯಿತು. ವೆಂಕಟನಾರಣಪ್ಪನವರು ಭೌತಶಾಸ್ತ್ರದ ಅಧ್ಯಾಪಕರು. ಪಂಪಭಾರತವನ್ನು ಪರಿಷ್ಕರಿಸಿ ಸಂಪಾದಿಸಿದವರೂ ಅವರೇ. ಹಳಗನ್ನಡದ ಒಂದು ಪಾಠವನ್ನು ನಿಷ್ಕರ್ಷಿಸುವುದಕ್ಕೆ ಬೇಕಾದ ಎಚ್ಚರವೇ ವಿಜ್ಞಾನದ ಒಂದು ಶಬ್ದವನ್ನು ಆರಿಸುವುದಕ್ಕೂ ಬೇಕೆಂಬುದು ಆ ಒಬ್ಬರ ಬಾಳಿನಿಂದಲೇ ತಿಳಿಯುತ್ತದೆ. ಮುಂದೆ ಶಿವರಾಮ ಕಾರಂತರು ತಮ್ಮ ‘ವಿಜ್ಞಾನ ಪ್ರಪಂಚ’ದ ಸಂಪುಟಗಳಲ್ಲಿ ಈ ಹೊರೆಯನ್ನು ಒಬ್ಬರೇ ಹೊತ್ತರು. ಹೀಗಿರಲು, ಸಾಹಿತ್ಯದ ಅಧ್ಯಾಪಕರಾದ ನಾವು ಇದು ನಮ್ಮ ಮನೆಯ ಕೆಲಸವಲ್ಲವೆಂದು ಸುಮ್ಮನಿರುವುದು ಉಚಿತವಲ್ಲ.

ಈ ಲೇಖನಕ್ಕೆ ನಿಮಿತ್ತವಾದುದು ನನ್ನದೇ ಒಂದು ತಪ್ಪು. ಕೆಲವು ವರ್ಷಗಳ ಹಿಂದೆ ವಿಜಯನಗರದಲ್ಲಿ ನಮ್ಮ ನೆರೆಮನೆಯ ಹುಡುಗಿಯೊಬ್ಬಳು, ಭೌತಶಾಸ್ತ್ರದಲ್ಲಿ ಎಂ.ಎಸ್‌ಸಿ. ಓದುತ್ತಿದ್ದವಳು, ಬಸವೇಶ್ವರನಗರದ ಒಂದು ಪ್ರೌಢಶಾಲೆಯ ಮಕ್ಕಳಿಗೆ ಕನ್ನಡದಲ್ಲಿ ಉಪನ್ಯಾಸ ಮಾಡಬೇಕಾಗಿ ಬಂದು, ಒಂದು ವಾಕ್ಯಕ್ಕೆ ತಕ್ಕ ಕನ್ನಡವನ್ನು ಹೇಳಿಕೊಡಬೇಕೆಂದು ನನ್ನನ್ನು ಕೇಳಿದಳು. ನಾನು ಬಹು ಉತ್ಸಾಹದಿಂದ ಹೀಗೆ ಬರೆದುಕೊಟ್ಟೆ: “ಸೂಕ್ಷ್ಮಲೋಹಸಂರಚನೆಗಳಲ್ಲಿ ವಿದ್ಯುತ್ಕಣಸುರಂಗೋತ್ಕ್ರಮಣಜನ್ಯವಾದ ಪ್ರಕಾಶೋತ್ಸರ್ಜನವು ಕ್ರಮವೀಕ್ಷಕಸೂಕ್ಷ್ಮದರ್ಶಕದಿಂದ ಗೋಚರವಾಗುವುದು.” ಸಮಾಸ ನಿರ್ದುಷ್ಟವಾಗಿದೆಯೆಂದು ನನಗೆ ಒಳಗೊಳಗೇ ಸಂತೋಷವೂ ಆಗಿತ್ತು.

ಸಂಜೆ ಹುಡುಗಿ ಹಿಂತಿರುಗಿ ಬಂದು ಹೇಳಿದಳು: “ಮೇಷ್ಟ್ರೇ, ಒಬ್ಬ ಹುಡುಗ ಎದ್ದು ನಿಂತು, ‘ಅಕ್ಕ, ಆ ಸುರಂಗ ತೋಡಿದವರು ಯಾರು? ಬೆಳಕು ಬರೋದು ಸುರಂಗದ ಆಚೆ ತುದಿಯಿಂದಲಾ?’ ಅಂತ ಕೇಳಿದ. ನನಗೆ ಉತ್ತರ ಹೇಳೋಕೆ ಆಗಲಿಲ್ಲ. ಆಮೇಲೆ ಇಂಗ್ಲಿಷಿನಲ್ಲೇ ಹೇಳಿ ಮುಗಿಸಿಬಿಟ್ಟೆ.”

ಈ ಕೊನೆಯ ಮಾತು ನನ್ನನ್ನು ಬಹುಕಾಲ ಕಾಡಿತು. ಆ ಮಕ್ಕಳಿಗೆ ಕನ್ನಡದ ಬಾಗಿಲನ್ನು ಮುಚ್ಚಿದವನು ಇಂಗ್ಲಿಷಿನ ಅಭಿಮಾನಿಯಲ್ಲ, ಕನ್ನಡದ ಪಂಡಿತನಾದ ನಾನೇ. ಆದಕಾರಣ ನನ್ನ ವಾಕ್ಯವನ್ನೇ ಪೂರ್ವಪಕ್ಷವಾಗಿ ಇಟ್ಟುಕೊಂಡು, ಅದರ ಒಂದೊಂದು ಪದವನ್ನೂ ಇಲ್ಲಿ ಒರೆಗೆ ಹಚ್ಚುತ್ತೇನೆ.

೨. ವಸ್ತುಸ್ವರೂಪ

ಪದವನ್ನು ಪರೀಕ್ಷಿಸುವ ಮೊದಲು ಪದಾರ್ಥವನ್ನು ತಿಳಿಯಬೇಕಷ್ಟೆ. ನಾನು ಆ ಹುಡುಗಿಯಿಂದಲೂ ಪುಸ್ತಕಗಳಿಂದಲೂ ಕಲಿತದ್ದನ್ನು ಸಂಕ್ಷೇಪವಾಗಿ ಹೇಳುತ್ತೇನೆ.

ಚಿನ್ನ, ಬೆಳ್ಳಿ, ತಾಮ್ರ ಮೊದಲಾದ ಲೋಹದ ನಯವಾದ ಮೇಲ್ಮೈಯೊಂದಿದೆ. ಅದರ ಎದುರಿಗೆ ಲೋಹದ ಸೂಜಿಯೊಂದನ್ನು ತರುತ್ತಾರೆ. ಸೂಜಿಯ ಮೊನೆಯಲ್ಲಿ ಒಂದೋ ಕೆಲವೋ ಪರಮಾಣುಗಳು ಮಾತ್ರ ಮುಂಚಾಚಿರುವಷ್ಟು ಅದು ಹರಿತ. ಮೊನೆಗೂ ಮೇಲ್ಮೈಗೂ ನಡುವೆ ಉಳಿಯುವ ಅಂತರ ಒಂದು ನ್ಯಾನೊಮೀಟರಿಗಿಂತ ಹೆಚ್ಚಿರುವುದಿಲ್ಲ. ನ್ಯಾನೊಮೀಟರ್ ಎಂದರೆ ಮೀಟರಿನ ನೂರು ಕೋಟಿಯಲ್ಲೊಂದು ಪಾಲು. ಎರಡೂ ಒಂದನ್ನೊಂದು ಮುಟ್ಟುವುದಿಲ್ಲ. ಲೋಕದ ನ್ಯಾಯದಂತೆ ಮುಟ್ಟದ ತಂತಿಗಳ ನಡುವೆ ವಿದ್ಯುತ್ತು ಹರಿಯಕೂಡದು. ಆದರೂ ಎರಡು ವೋಲ್ಟಿನಷ್ಟು ಒತ್ತಡ ಕೊಟ್ಟರೆ ಎಲೆಕ್ಟ್ರಾನುಗಳು ಈ ಕಡೆಯಿಂದ ಮರೆಯಾಗಿ ಆ ಕಡೆ ತೋರಿಕೊಳ್ಳುತ್ತವೆ. ಅಂತರವು ನ್ಯಾನೊಮೀಟರಿನ ಹತ್ತನೆಯ ಒಂದು ಪಾಲು ಹೆಚ್ಚಿದರೆ ಹರಿವು ಸುಮಾರು ಹತ್ತನೆಯ ಒಂದು ಪಾಲಿಗೆ ಇಳಿಯುತ್ತದೆ. ಈ ತೀಕ್ಷ್ಣತೆಯನ್ನೇ ಆಧಾರ ಮಾಡಿಕೊಂಡು, ಹರಿವು ಒಂದೇ ಸಮನಾಗಿರುವಂತೆ ಮೊನೆಯನ್ನು ಏರಿಸುತ್ತ ಇಳಿಸುತ್ತ ಸಾಲುಸಾಲಾಗಿ ನಡೆಸಿದರೆ, ಮೊನೆಯ ಏರಿಳಿತವೇ ಮೇಲ್ಮೈಯ ಚಿತ್ರವಾಗುತ್ತದೆ. ಈ ಯಂತ್ರವನ್ನು ೧೯೮೧ರಲ್ಲಿ ಸ್ವಿಟ್ಸರ್ಲೆಂಡಿನ ಜ್ಯೂರಿಕ್ ಬಳಿಯ ಐಬಿಎಂ ಪ್ರಯೋಗಶಾಲೆಯಲ್ಲಿ ಗೆರ್ಡ್ ಬಿನ್ನಿಗ್, ಹೈನ್ರಿಕ್ ರೋರರ್ ಎಂಬವರು ನಿರ್ಮಿಸಿದರು. ೧೯೮೬ರ ನೊಬೆಲ್ ಪಾರಿತೋಷಕದಲ್ಲಿ ಅವರಿಗೆ ಪಾಲು ದೊರೆಯಿತು.

ಇನ್ನು ಬೆಳಕಿನ ಮಾತು. ಹೀಗೆ ದಾಟುವ ಎಲೆಕ್ಟ್ರಾನುಗಳಲ್ಲಿ ಬಹುಭಾಗವು ತಮ್ಮ ಶಕ್ತಿಯನ್ನು ಹಾಗೆಯೇ ಹೊತ್ತು ಆಚೆ ಸೇರುತ್ತವೆ. ಎಲ್ಲೋ ಕೆಲವು ದಾರಿಯಲ್ಲೇ ಶಕ್ತಿಯ ಒಂದು ಪಾಲನ್ನು ಬಿಟ್ಟುಕೊಡುತ್ತವೆ. ಆ ಶಕ್ತಿಯಿಂದ ಮೊನೆಯ ಮತ್ತು ಮೇಲ್ಮೈಯ ಎಲೆಕ್ಟ್ರಾನುಗಳ ಸಮೂಹವೆಲ್ಲ ಒಟ್ಟಾಗಿ ತೂಗಾಡುತ್ತದೆ. ಈ ತೂಗಾಟಕ್ಕೆ ಪ್ಲಾಸ್ಮಾನ್ ಎಂದು ಹೆಸರು. ಆ ತೂಗಾಟದ ಒಂದಂಶ ಬೆಳಕಾಗಿ ಹೊರಬೀಳುತ್ತದೆ. ಎರಡು ಲೋಹಗಳ ನಡುವೆ ತೆಳುವಾದ ಆಕ್ಸೈಡಿನ ಪದರವಿಟ್ಟು ೧೯೭೬ರಲ್ಲಿ ಲ್ಯಾಂಬ್, ಮೆಕಾರ್ಥಿ ಎಂಬವರು ಇಂತಹ ಬೆಳಕನ್ನು ಮೊದಲು ಕಂಡರು. ೧೯೮೮ರಲ್ಲಿ ಗಿಮ್ಜೆವ್ಸ್ಕಿ ಮತ್ತು ಸಂಗಡಿಗರು ಸೂಜಿಯ ಮೊನೆಯ ಕೆಳಗೆ ಅದನ್ನು ಪಡೆದರು. ೧೯೯೧ರಲ್ಲಿ ಬರ್ನ್ಟ್ ಮೊದಲಾದವರು ಪ್ಲಾಸ್ಮಾನಿನ ಕಾರಣವನ್ನು ವಿಶದಪಡಿಸಿದರು.

ಪ್ರಮಾಣವನ್ನು ಅರಿಯುವುದಕ್ಕೆ ಒಂದು ಲೆಕ್ಕ: ಒಂದು ನ್ಯಾನೊ ಆಂಪಿಯರ್ ಹರಿವೆಂದರೆ ಸೆಕೆಂಡಿಗೆ ಸುಮಾರು ೬೨೪ ಕೋಟಿ ಎಲೆಕ್ಟ್ರಾನುಗಳು. ಬೆಳ್ಳಿಯಂತಹ ಅನುಕೂಲ ಲೋಹದಲ್ಲಿ ಹತ್ತು ಸಾವಿರ ಎಲೆಕ್ಟ್ರಾನಿಗೆ ಒಂದು ಬೆಳಕಿನ ಕಣ ಹೊರಟಿತೆಂದು ಇಟ್ಟುಕೊಂಡರೂ, ಸೆಕೆಂಡಿಗೆ ಹೊರಡುವುದು ಆರು ಲಕ್ಷದಷ್ಟು ಕಣಗಳು ಮಾತ್ರ. ಅವುಗಳಲ್ಲಿ ಮಸೂರಕ್ಕೆ ಸಿಕ್ಕುವುದು ಇನ್ನೂ ಕಡಮೆ. ಇದು ದೀಪದಂತಹ ಬೆಳಕಲ್ಲ; ಯಂತ್ರವು ಎಣಿಸಿ ತಿಳಿಯತಕ್ಕ ಬೆಳಕು.

೩. ‘ಸುರಂಗ’ ಶಬ್ದದ ಪರೀಕ್ಷೆ

ಸುರಂಗವೆಂಬುದು ಇಲ್ಲಿ ಮುಖ್ಯಾರ್ಥದಲ್ಲಿ ನಿಲ್ಲುವುದಿಲ್ಲ, ಲಾಕ್ಷಣಿಕವಾಗಿಯೇ ನಿಲ್ಲಬೇಕು. ಲಕ್ಷಣೆಗೆ ಮಮ್ಮಟನು ಹೇಳಿದ ಮೂರು ಅಂಗಗಳು ಅಲಂಕಾರಶಾಸ್ತ್ರವನ್ನು ಓದಿದವರಿಗೆಲ್ಲ ವಿದಿತವೇ: ಮುಖ್ಯಾರ್ಥಕ್ಕೆ ಬಾಧೆ, ಮುಖ್ಯಾರ್ಥದೊಡನೆ ಸಂಬಂಧ, ರೂಢಿಯಾಗಲಿ ಪ್ರಯೋಜನವಾಗಲಿ. ಇವುಗಳನ್ನು ಒಂದೊಂದಾಗಿ ನೋಡೋಣ.

ಮೊದಲನೆಯದು ಬಾಧೆ. ವಿಷಯವನ್ನು ಬಲ್ಲವನಿಗೆ ಇಲ್ಲಿ ಸುರಂಗವಿಲ್ಲವೆಂಬುದು ಕೂಡಲೇ ತೋರುತ್ತದೆ, ಆದ್ದರಿಂದ ಅವನು ಲಕ್ಷ್ಯಾರ್ಥಕ್ಕೆ ಹಾರುತ್ತಾನೆ. ವಿಷಯವನ್ನು ಅರಿಯದ ಬಾಲಕನಿಗೆ ಬಾಧೆಯೇ ತೋರುವುದಿಲ್ಲ. ವಿಜಯನಗರದಲ್ಲಿ ಮೆಟ್ರೋ ಹತ್ತಿದ ಹುಡುಗನು ಮಾಗಡಿ ರಸ್ತೆಯ ನಿಲ್ದಾಣ ದಾಟುತ್ತಲೇ ಬಂಡಿ ಭೂಮಿಯೊಳಕ್ಕೆ ಇಳಿಯುವುದನ್ನು ಕಂಡವನು. ಅವನಿಗೆ ಸುರಂಗವೆಂದರೆ ತೋಡಿದ್ದು, ಎರಡು ಬಾಯುಳ್ಳದ್ದು, ನಡುವೆ ಕತ್ತಲೆಯುಳ್ಳದ್ದು. ಅವನು ಕೇಳಿದ ಪ್ರಶ್ನೆ ಬುದ್ಧಿಯ ಲೋಪವಲ್ಲ, ಶಬ್ದದ ಮುಖ್ಯಾರ್ಥವನ್ನು ನಿಷ್ಠೆಯಿಂದ ಹಿಡಿದುದರ ಫಲ. ಬೋಧನೆಯ ಗದ್ಯದಲ್ಲಿ ಲಕ್ಷಣೆಗೆ ಬಾಧಕಜ್ಞಾನವನ್ನು ಬರಹಗಾರನೇ ಒದಗಿಸಬೇಕು. ಕೇಳುವವನಲ್ಲಿ ಅದು ಮೊದಲೇ ಇದೆಯೆಂದು ಭಾವಿಸಕೂಡದು.

ಎರಡನೆಯದು ಸಂಬಂಧ. ಇಲ್ಲಿ ಸಾದೃಶ್ಯ ಎಷ್ಟು? ಬೆಟ್ಟವನ್ನು ಏರದೆ ಆಚೆ ಸೇರುವುದು ಎಂಬಷ್ಟೇ. ವೈಸಾದೃಶ್ಯಗಳು ಬಹಳ. ಸುರಂಗವನ್ನು ಮೊದಲು ತೋಡಬೇಕು. ಇಲ್ಲಿ ಯಾರೂ ಏನನ್ನೂ ತೋಡುವುದಿಲ್ಲ, ತಡೆಯು ಇದ್ದಂತೆಯೇ ಇರುತ್ತದೆ. ಸುರಂಗವೊಂದು ಇದ್ದರೆ ಎಲ್ಲರೂ ಹಾದುಹೋಗಬಹುದು. ಅರಗಿನ ಮನೆಯಿಂದ ಪಾಂಡವರೈವರೂ ಕುಂತಿಯೂ ಒಂದೇ ಸುರಂಗದಲ್ಲಿ ಪಾರಾದರು, ಅವರಲ್ಲಿ ಯಾರೊಬ್ಬರೂ ಹಿಂದೆ ಉಳಿಯಲಿಲ್ಲ. ಇಲ್ಲಿಯಾದರೋ ದಾಟುವುದು ಸಂಭವದ ಮಾತು. ತಡೆ ದಪ್ಪವಾದಂತೆ ದಾಟುವ ಸಂಭವ ಅತಿ ವೇಗವಾಗಿ ಕ್ಷೀಣಿಸುತ್ತದೆ. ಈ ಯಂತ್ರಕ್ಕೆ ಜೀವಾಳವಾದ ಗುಣ ಯಾವುದೋ ಅದನ್ನೇ ‘ಸುರಂಗ’ ಶಬ್ದವು ಮರೆಸುತ್ತದೆ. ಉಪಮಾನವು ಉಪಮೇಯದ ಮುಖ್ಯಧರ್ಮವನ್ನು ಮುಚ್ಚಿದರೆ ಅದನ್ನು ದೋಷವೆಂದೇ ಎಣಿಸಬೇಕು.

ಮೂರನೆಯದು ರೂಢಿ. ಇಂಗ್ಲಿಷಿನ ಪರಿಭಾಷೆಯೂ ಸುರಂಗದ ಉಪಮೆಯನ್ನೇ ಹಿಡಿದಿದೆಯಷ್ಟೆ, ರೂಢಿಯ ಬಲವಿರಲು ಕನ್ನಡಕ್ಕೇಕೆ ಬೇರೆ ದಾರಿ ಎಂದು ಕೇಳಬಹುದು. ಗ್ಯಾಮೋವ್ ಒಂದು ಕಡೆ, ಗರ್ನಿ ಮತ್ತು ಕಾಂಡನ್ ಇನ್ನೊಂದು ಕಡೆ, ೧೯೨೮ರಲ್ಲಿ ಪರಮಾಣುವಿನ ಗರ್ಭದಿಂದ ಆಲ್ಫಾ ಕಣಗಳು ಹೊರಬೀಳುವುದನ್ನು ಈ ತತ್ತ್ವದಿಂದಲೇ ವಿವರಿಸಿದರು. ಅಂದಿನಿಂದ ಬೆಳೆದ ವಿದ್ಯೆಯಲ್ಲಿ ಆ ಶಬ್ದ ಸವೆದು, ಬಲ್ಲವರಿಗೆ ಉಪಮೆಯೆಂಬುದೇ ಮರೆತುಹೋಗಿದೆ. ಅಲ್ಲಿ ರೂಢಿಯಿದೆ, ನಿಜ. ಕನ್ನಡದಲ್ಲಿ ಆ ರೂಢಿ ಇನ್ನೂ ಬಲಿತಿಲ್ಲ. ರೂಢಿ ಹುಟ್ಟುವ ಸಮಯದಲ್ಲೇ ಆರಿಸುವ ಸ್ವಾತಂತ್ರ್ಯವಿರುವುದು.

ಇಲ್ಲಿ ನನ್ನ ಅಹಂಕಾರಕ್ಕೆ ಬಿದ್ದ ಇನ್ನೊಂದು ಪೆಟ್ಟನ್ನೂ ಹೇಳಿಬಿಡುತ್ತೇನೆ. ‘ಸುರಂಗ’ವನ್ನು ಆರಿಸಿದಾಗ ಅದು ಶುದ್ಧ ಸಂಸ್ಕೃತವೆಂಬ ಹೆಮ್ಮೆಯಿತ್ತು. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ‘ಸುರುಂಗಾ’ ಎಂಬ ರೂಪವಿದೆ. ಅದು ನಾಳವೆಂಬರ್ಥದ ಗ್ರೀಕರ ‘ಸಿರಿಂಕ್ಸ್’ ಶಬ್ದದಿಂದ ಬಂದುದೆಂದು ಭಾಷಾಶಾಸ್ತ್ರಜ್ಞರಲ್ಲಿ ಅನೇಕರ ಅಭಿಪ್ರಾಯ. ಹೊರಗಿನಿಂದ ಬಂದುದೆಂಬ ಕಾರಣದಿಂದ ಒಂದು ಪದವನ್ನು ತಳ್ಳುವುದಾದರೆ ಮೊದಲು ತಳ್ಳಬೇಕಾದುದು ನನ್ನ ಈ ಪದವನ್ನೇ. ಕೇಶಿರಾಜನು ಶಬ್ದಮಣಿದರ್ಪಣದಲ್ಲಿ ಸಂಸ್ಕೃತ ಶಬ್ದಗಳು ಕನ್ನಡದ ಬಾಯಿಗೆ ಹೊಂದಿ ಮಾರ್ಪಡುವ ಬಗೆಯನ್ನು ಒಂದು ಪ್ರಕರಣವಾಗಿಯೇ ನಿರೂಪಿಸಿದನು. ಬಂದ ಶಬ್ದವನ್ನು ಒಗ್ಗಿಸಿಕೊಳ್ಳುವುದು ನಮ್ಮ ವ್ಯಾಕರಣಕ್ಕೆ ಸಮ್ಮತವಾದ ಧರ್ಮ. ಎಲೆಕ್ಟ್ರಾನ್, ಪ್ಲಾಸ್ಮಾನ್ ಎಂಬವನ್ನು ‘ಎಲೆಕ್ಟ್ರಾನು’, ‘ಪ್ಲಾಸ್ಮಾನಿನಿಂದ’ ಎಂದು ವಿಭಕ್ತಿ ಹಚ್ಚಿ ನಡೆಸುವುದರಲ್ಲಿ ಅಪಚಾರವೇನೂ ಇಲ್ಲ.

ಹಾಗಾದರೆ ಕನ್ನಡದ ಮಾತು ಯಾವುದು? ‘ಒಸರು’ ಎಂದರೆ ತಡೆಯು ದಪ್ಪವಾದಂತೆ ಹರಿವು ಕಡಮೆಯಾಗುವ ಭಾವ ಬರುತ್ತದೆ. ಆದರೆ ದ್ರವವೂ ಸಣ್ಣ ರಂಧ್ರಗಳೂ ನೆನಪಿಗೆ ಬರುತ್ತವೆ. ‘ತೂರು’ ಎಂಬಲ್ಲಿ ಬಲಾತ್ಕಾರದ ಛಾಯೆಯಿದೆ. ‘ನುಸುಳು’ ಎಂಬಲ್ಲಿ ಬೇಲಿಯ ಸಂದಿಯ ಸ್ಮರಣೆಯಿದೆ, ‘ನುಸುಳುಕೋರ’ ಎಂಬಲ್ಲಿ ನಿಂದೆಯೂ ಇದೆ. ನಿರ್ದೋಷವಾದ ಪದ ದೊರೆಯದು. ಆದರೂ ನಾನು ‘ನುಸುಳು’ವನ್ನೇ ಮೇಲೆಂದು ಹಿಡಿಯುತ್ತೇನೆ. ಇದಕ್ಕೆ ಕಾರಣ ಪದದ ಬೆಡಗಲ್ಲ, ಅದು ಕ್ರಿಯಾಪದವಾಗಿರುವುದು. ‘ಸುರಂಗ’ವೆಂಬ ನಾಮಪದವು ಇಲ್ಲದ ಒಂದು ವಸ್ತುವನ್ನು ಕೇಳುವವನ ಮನಸ್ಸಿನಲ್ಲಿ ನಿಲ್ಲಿಸುತ್ತದೆ. ‘ಎಲೆಕ್ಟ್ರಾನು ನುಸುಳಿತು’ ಎಂದರೆ ಕರ್ತೃವಿದೆ, ಕ್ರಿಯೆಯಿದೆ. ಇಲ್ಲದ ವಸ್ತು ಹುಟ್ಟುವುದಿಲ್ಲ. ಸಂದಿಯಿಲ್ಲದೆಯೂ ನುಸುಳಿತೆಂದು ಒಂದು ಮಾತು ಸೇರಿಸಿದರೆ, ಬೇಕಾದ ಮುಖ್ಯಾರ್ಥಬಾಧೆಯೂ ಅಲ್ಲೇ ಒದಗುತ್ತದೆ, ಆಶ್ಚರ್ಯವೂ ಉಳಿಯುತ್ತದೆ. ನಮ್ಮ ಶಾಸ್ತ್ರಗದ್ಯದ ದೊಡ್ಡ ರೋಗವೇ ಇದು: ಕ್ರಿಯೆಗಳನ್ನೆಲ್ಲ ಭಾವನಾಮಗಳನ್ನಾಗಿ ಮಾಡಿ ಸಮಾಸದಲ್ಲಿ ಕಟ್ಟಿ, ಕೊನೆಗೆ ‘ಆಗುವುದು’ ಎಂಬ ಒಂದು ಬಡ ಕ್ರಿಯಾಪದದ ಮೇಲೆ ಆ ಹೊರೆಯೆಲ್ಲವನ್ನೂ ಹೊರಿಸುವುದು.

೪. ದರ್ಶನ, ಉತ್ಸರ್ಜನ, ವಿಕಿರಣ

‘ಸೂಕ್ಷ್ಮದರ್ಶಕ’ವೂ ವಿಚಾರಾರ್ಹ. ಈ ಯಂತ್ರವು ನೋಡುವುದಿಲ್ಲ. ಇದರಲ್ಲಿ ಕಣ್ಣಿನ ಕೆಲಸವೂ ಇಲ್ಲ, ಚಿತ್ರ ತೆಗೆಯುವಾಗ ಬೆಳಕಿನ ಕೆಲಸವೂ ಇಲ್ಲ. ಇದು ತಡವುತ್ತದೆ. ಕಣ್ಣಿಲ್ಲದವರು ಬೆರಳಿನಿಂದ ಅಕ್ಷರಗಳ ಉಬ್ಬನ್ನು ಓದುವಂತೆ ಸೂಜಿಯು ಮೇಲ್ಮೈಯನ್ನು ಸಾಲುಸಾಲಾಗಿ ಓದುತ್ತದೆ, ಮುಟ್ಟದೆಯೇ ಓದುತ್ತದೆ. ಹೆಸರನ್ನು ಈಗ ಬದಲಿಸುವುದು ಸಾಧ್ಯವಲ್ಲ, ಅಗತ್ಯವೂ ಅಲ್ಲ. ಇಲ್ಲಿ ರೂಢಿ ಬಲಿತಿದೆ. ಆದರೆ ವಿವರಣೆಯಲ್ಲಿ ‘ವೀಕ್ಷಿಸು’ ಎಂಬುದಕ್ಕೆ ಬದಲಾಗಿ ‘ತಡವು’ ಎಂಬುದನ್ನು ಬಳಸಿದರೆ ಕೇಳುವವನಿಗೆ ನಿಜವು ಹೊಳೆಯುತ್ತದೆ. ಅಷ್ಟೇ ಅಲ್ಲ, ಪ್ರಕೃತ ವಿಷಯದ ಸ್ವಾರಸ್ಯವೂ ಆಗಲೇ ವ್ಯಕ್ತವಾಗುವುದು: ಬೆಳಕಿಲ್ಲದೆ ತಡವುತ್ತಿದ್ದ ಮೊನೆಯೇ ಇಲ್ಲಿ ಬೆಳಕಿಗೆ ಹುಟ್ಟೆಡೆಯಾಗುತ್ತದೆ. ‘ದರ್ಶಕ’, ‘ವೀಕ್ಷಕ’ ಎಂದು ಮೊದಲೇ ಹೇಳಿದವನಿಗೆ ಈ ಸ್ವಾರಸ್ಯವನ್ನು ಹೇಳುವುದಕ್ಕೆ ಮಾತು ಉಳಿದಿರುವುದಿಲ್ಲ.

‘ಉತ್ಸರ್ಜನ’ವೆಂಬುದು ಪಾಠಶಾಲೆಯಲ್ಲಿ ಓದಿದವನಿಗೆ ಉಪಾಕರ್ಮದೊಡನೆ ಹೇಳುವ ವೈದಿಕ ಕರ್ಮವನ್ನು ನೆನಪಿಗೆ ತರುತ್ತದೆ. ಉಳಿದವರಿಗೆ ‘ವಿಸರ್ಜನೆ’ಯ ಧ್ವನಿ ಕೇಳಿ, ಗಣಪತಿಯನ್ನು ಕೆರೆಗೆ ಬಿಡುವುದೋ ಇನ್ನೇನೋ ಮನಸ್ಸಿಗೆ ಬರುತ್ತದೆ. ಎರಡೂ ಇಲ್ಲಿ ಅನಪೇಕ್ಷಿತ. ಕನ್ನಡದಲ್ಲಿಯಾದರೋ ಈ ಸಂದರ್ಭಕ್ಕೆ ಬೇಕಾದ ಭೇದವು ಮೊದಲೇ ಸಿದ್ಧವಾಗಿದೆ. ‘ಹೊಳೆ’ ಎಂಬುದು ಒಂದು, ‘ಬೆಳಗು’ ಎಂಬುದು ಇನ್ನೊಂದು. ತಿಕ್ಕಿದ ತಂಬಿಗೆ ದೀಪದ ಮುಂದೆ ಹೊಳೆಯುತ್ತದೆ. ದೀಪವು ತಾನೇ ಬೆಳಗುತ್ತದೆ. ಲೋಹಕ್ಕೆ ಸಾಮಾನ್ಯವಾಗಿ ನಾವು ಹೇಳುವುದು ಹೊಳಪನ್ನು, ಎಂದರೆ ಬೇರೆಡೆಯಿಂದ ಬಂದ ಬೆಳಕನ್ನು ಹಿಂದಿರುಗಿಸುವುದನ್ನು. ಈ ಪ್ರಯೋಗದಲ್ಲಿ ಕತ್ತಲೆಯಲ್ಲಿಟ್ಟ ಲೋಹವು, ಕಾಯಿಸಿ ಕೆಂಪಾಗಿಸದೆಯೇ, ತಾನಾಗಿ ಬೆಳಗುತ್ತದೆ. “ಹೊಳೆಯುವ ಬೆಳ್ಳಿ ಇಲ್ಲಿ ಬೆಳಗುತ್ತದೆ” ಎಂದರೆ ಸಾಕು. ವಿಷಯದ ಮರ್ಮ ತಿಳಿದಂತಾಯಿತು. ಪಾತ್ರೆಯನ್ನು ತಿಕ್ಕುವುದಕ್ಕೂ ನಮ್ಮ ಮನೆಗಳಲ್ಲಿ ‘ಪಾತ್ರೆ ಬೆಳಗು’ ಎಂದೇ ಹೇಳುತ್ತಾರಲ್ಲ ಎಂದರೆ, ಅಲ್ಲಿ ಬೆಳಗುವವರು ಮನೆಯವರು, ಪಾತ್ರೆ ಕರ್ಮ. ಇಲ್ಲಿ ಲೋಹವೇ ಕರ್ತೃ. ಅರ್ಥಭೇದವನ್ನು ಕಾರಕಭೇದವೇ ತಿಳಿಸುತ್ತದೆ.

ಇನ್ನು ‘ವಿಕಿರಣ’. ನನ್ನ ವಾಕ್ಯದಲ್ಲಿ ಇದು ಇಲ್ಲದಿದ್ದರೂ ಈ ವಿಷಯದ ಬರಹಗಳಲ್ಲಿ ತಪ್ಪದೆ ಬರುತ್ತದೆ. ನಮ್ಮ ಊರಿಗೂ ಇದಕ್ಕೂ ಸಂಬಂಧವುಂಟು. ೧೯೨೮ರ ಫೆಬ್ರವರಿ ೨೮ರಂದು ಕಲ್ಕತ್ತೆಯಲ್ಲಿ ಚಂದ್ರಶೇಖರ ವೆಂಕಟರಾಮನ್ನರು ಕಂಡ ಪರಿಣಾಮವನ್ನು ಅವರು ಅದೇ ವರ್ಷ ಮಾರ್ಚಿ ೧೬ರಂದು ಬೆಂಗಳೂರಿನಲ್ಲಿ, ದಕ್ಷಿಣ ಭಾರತ ವಿಜ್ಞಾನ ಸಂಘದ ಸಭೆಯಲ್ಲಿ ವಿಸ್ತಾರವಾಗಿ ನಿರೂಪಿಸಿದರು. ಮುಂದೆ ೧೯೩೩ರಲ್ಲಿ ಅವರು ಇಲ್ಲಿನ ಭಾರತೀಯ ವಿಜ್ಞಾನ ಮಂದಿರಕ್ಕೆ ನಿರ್ದೇಶಕರಾಗಿ ಬಂದು, ೧೯೪೮ರಲ್ಲಿ ತಮ್ಮದೇ ಸಂಶೋಧನಾ ಸಂಸ್ಥೆಯನ್ನು ಸ್ಥಾಪಿಸಿ, ೧೯೭೦ರಲ್ಲಿ ಇದೇ ಊರಿನಲ್ಲಿ ದೇಹಬಿಟ್ಟರು. ಆ ೧೯೨೮ರ ಉಪನ್ಯಾಸದ ಹೆಸರನ್ನು ಇಂದಿನ ಪರಿಭಾಷೆಯಲ್ಲಿ ಕನ್ನಡಿಸಿದರೆ ‘ಒಂದು ಹೊಸ ವಿಕಿರಣ’ ಎಂದಾಗುವುದು. ‘ವಿಕಿರಣ’ವು ಚೆಲ್ಲುವುದು, ಚದರಿಸುವುದು ಎಂಬರ್ಥದ ಕೄ ಧಾತುವಿನಿಂದ ನಿಷ್ಪನ್ನವಾದುದು. ಇಂದಿನ ಪಠ್ಯಗಳಲ್ಲಿ ಆ ಧಾತ್ವರ್ಥವನ್ನು ‘ಚದರಿಕೆ’ಗೆ ಕೊಟ್ಟು, ‘ವಿಕಿರಣ’ವನ್ನು ಹೊರಸೂಸುವಿಕೆಗೆ ಬಳಸುತ್ತಾರೆ. ರಾಮನ್ನರು ಕಂಡದ್ದು ವಸ್ತುತಃ ಚದರಿಕೆಯೇ ಆದ್ದರಿಂದ, ಅವರ ಪರಿಣಾಮಕ್ಕೆ ‘ವಿಕಿರಣ’ವು ಧಾತ್ವರ್ಥದಿಂದಲೂ ಒಪ್ಪುತ್ತದೆ, ರೂಢ್ಯರ್ಥದಿಂದಲೂ ಒಪ್ಪುತ್ತದೆ. ಆದರೆ ಪ್ರಕೃತ ವಿಷಯಕ್ಕೆ ಧಾತ್ವರ್ಥ ಒಪ್ಪದು. ರಾಮನ್ನರ ಪ್ರಯೋಗದಲ್ಲಿ ಒಳಹೊಕ್ಕದ್ದೂ ಬೆಳಕು, ಹೊರಬಂದದ್ದೂ ಬಣ್ಣ ಬದಲಿಸಿದ ಬೆಳಕು. ಇಲ್ಲಿ ಒಳಹೊಕ್ಕದ್ದು ಎಲೆಕ್ಟ್ರಾನು, ಹೊರಬಂದದ್ದು ಬೆಳಕು. ಒಂದೇ ಪದದಿಂದ ಎರಡನ್ನೂ ಹೇಳಿದರೆ ವಿದ್ಯಾರ್ಥಿಗೆ ಈ ಭೇದವು ಎಂದಿಗೂ ತಿಳಿಯದು. ಈ ಎರಡು ವಿದ್ಯೆಗಳೂ ಇಂದು ಒಂದೇ ಮೊನೆಯ ಕೆಳಗೆ ಕೂಡಿರುವುದರಿಂದ ಎಚ್ಚರ ಇನ್ನೂ ಅವಶ್ಯ. ೨೦೧೩ರಲ್ಲಿ ಚೀನದ ಹೆಫೆಯ ವಿದ್ವಾಂಸರು ಇಂತಹ ಮೊನೆಯ ಕೆಳಗೇ ಬೆಳಕನ್ನು ಹಾಯಿಸಿ, ರಾಮನ್ ಚದರಿಕೆಯಿಂದ ಒಂದೇ ಒಂದು ಅಣುವಿನ ಒಳಭಾಗಗಳನ್ನು ಬೇರೆಬೇರೆಯಾಗಿ ಗುರುತಿಸಿದರು.

೫. ಅನುರಣನದ ಉಪಮೆ

ಪ್ಲಾಸ್ಮಾನನ್ನು ತಿಳಿಸುವುದಕ್ಕೆ ಉಪಮೆಯೊಂದು ಬೇಕು. ಆನಂದವರ್ಧನನು ಧ್ವನಿಯ ಒಂದು ಪ್ರಭೇದವನ್ನು ಘಂಟೆಯ ಅನುರಣನಕ್ಕೆ ಹೋಲಿಸಿದನಷ್ಟೆ: ಬಡಿದ ಪೆಟ್ಟು ಮುಗಿದ ಮೇಲೂ ನಾದವು ತರಂಗತರಂಗವಾಗಿ ಕೇಳುತ್ತದೆ. ಈ ಉಪಮಾನವು ಇಲ್ಲಿ ಅನೇಕಾಂಶಗಳಲ್ಲಿ ಹೊಂದುತ್ತದೆ. ನುಸುಳುವ ಎಲೆಕ್ಟ್ರಾನು ಪೆಟ್ಟು; ಲೋಹದ ಎಲೆಕ್ಟ್ರಾನುಗಳ ಸಮೂಹ ಘಂಟೆ; ತೂಗಾಟ ಅನುರಣನ; ಹೊರಟ ಬೆಳಕು ಕಿವಿಗೆ ಬಿದ್ದ ನಾದ. ಘಂಟೆಯ ಸ್ವರವು ಬಡಿದವನ ಕೈಗಿಂತ ಘಂಟೆಯ ಲೋಹವನ್ನೂ ಆಕಾರವನ್ನೂ ಅನುಸರಿಸುವಂತೆ, ಇಲ್ಲಿಯೂ ಬೆಳಕಿನ ಬಣ್ಣವು ಲೋಹ ಯಾವುದು, ಮೊನೆಯ ಆಕಾರವೇನು, ಅಂತರವೆಷ್ಟು ಎಂಬುದನ್ನು ಅನುಸರಿಸುತ್ತದೆ. ಬೆಳ್ಳಿಯ ಬೆಳಕೇ ಬೇರೆ, ಚಿನ್ನದ ಬೆಳಕೇ ಬೇರೆ.

ಆದರೆ ಉಪಮೆ ಎಲ್ಲಿ ಮುರಿಯುವುದೆಂದು ಹೇಳದ ಶಾಸ್ತ್ರಗದ್ಯವು ಅರ್ಧ ಸುಳ್ಳನ್ನು ಹೇಳಿದಂತೆ. ಇದು ಎರಡು ಕಡೆ ಮುರಿಯುತ್ತದೆ. ಒಂದು: ಒಂದು ಎಲೆಕ್ಟ್ರಾನು ತನ್ನಲ್ಲಿರುವುದಕ್ಕಿಂತ ಹೆಚ್ಚು ಶಕ್ತಿಯನ್ನು ಕೊಡಲಾರದು. ಎರಡು ವೋಲ್ಟು ಕೊಟ್ಟಾಗ ಸುಮಾರು ೬೨೦ ನ್ಯಾನೊಮೀಟರಿಗಿಂತ ಕಿರಿದಾದ ಅಲೆಯುದ್ದದ ಬೆಳಕು, ಎಂದರೆ ಹಳದಿ, ಹಸುರು, ನೀಲಿ, ಒಂದೊಂದೇ ಎಲೆಕ್ಟ್ರಾನಿನಿಂದ ಹುಟ್ಟಲಾರದು. ಹೊರಡುವುದು ಕೆಂಪಿನ ಕಡೆಯ ಬೆಳಕೇ. ಎರಡು ಎಲೆಕ್ಟ್ರಾನುಗಳ ಶಕ್ತಿ ಕೂಡಿದಾಗ ಈ ಮೇರೆ ಮೀರುವುದುಂಟು, ಅದು ವಿರಳ. ಘಂಟೆಯಲ್ಲಿ ಇಂತಹ ಖಚಿತವಾದ ಮೇರೆ ಕಾಣಿಸುವುದಿಲ್ಲ. ಎರಡು: ಘಂಟೆಯ ನಾದವು ಒಂದೇ ಪೆಟ್ಟಿಗೆ ಬಹುಕಾಲ ನಿಲ್ಲುತ್ತದೆ, ಲೋಹದ ಈ ತೂಗಾಟವು ಹುಟ್ಟಿದ ಕ್ಷಣದಲ್ಲೇ ಬಹುಪಾಲು ಶಾಖವಾಗಿ ಅಡಗುತ್ತದೆ. ಇವೆರಡನ್ನೂ ಹೇಳಿದರೆ ಉಪಮೆಯು ಸಾರ್ಥಕ. ಹೇಳದಿದ್ದರೆ ಅದು ಇನ್ನೊಂದು ಸುರಂಗವಾಗುವುದು.

೬. ಚಿನ್ನವು ತೇಜಸ್ಸೆಂಬ ಮಾತು

ಇಲ್ಲಿ ನನ್ನಂತಹವರಿಗೆ ಎದುರಾಗುವ ದೊಡ್ಡ ಪ್ರಲೋಭವೊಂದಿದೆ. ತರ್ಕಸಂಗ್ರಹವನ್ನು ಓದಿದ ಎಳೆಯ ವಟುವಿಗೂ ಗೊತ್ತು, ನಮ್ಮ ನೈಯಾಯಿಕರು ಸುವರ್ಣವನ್ನು ಪೃಥಿವಿಯಲ್ಲಿ ಸೇರಿಸದೆ ತೇಜಸ್ಸಿನಲ್ಲಿ, ಆಕರಜವೆಂಬ ಪ್ರಭೇದದಲ್ಲಿ ಸೇರಿಸಿದರೆಂಬುದು. ತೇಜಸ್ಸಿನ ಸಹಜವಾದ ಭಾಸ್ವರ ಶುಕ್ಲರೂಪವು ಕೂಡಿಕೊಂಡ ಪಾರ್ಥಿವಾಂಶದ ಹಳದಿಯಿಂದ ಅಭಿಭೂತವಾಗಿದೆ ಎಂಬುದು ಅವರ ಸಮಾಧಾನ. ಇನ್ನೇನು, ಚಿನ್ನದೊಳಗೆ ಬೆಳಕು ಅಡಗಿದೆಯೆಂದು ನಮ್ಮ ಹಿಂದಿನವರು ಎಂದೋ ಹೇಳಿದ್ದರು, ಅದನ್ನೇ ಜ್ಯೂರಿಕ್ಕಿನವರು ಸೂಜಿಯಿಂದ ಹೊರತೆಗೆದರು ಎಂದು ಒಂದು ಲೇಖನ ಬರೆಯುವುದು ಎಷ್ಟು ಸುಲಭ! ಸಭೆಯಲ್ಲಿ ಚಪ್ಪಾಳೆಯೂ ದೊರೆಯುವುದು.

ಹೀಗೆ ಬರೆಯುವುದು ವಿಜ್ಞಾನಕ್ಕೂ ದ್ರೋಹ, ನ್ಯಾಯಶಾಸ್ತ್ರಕ್ಕೂ ದ್ರೋಹ. ನೈಯಾಯಿಕರು ಚಿನ್ನವನ್ನು ತೇಜಸ್ಸೆಂದುದಕ್ಕೆ ಕೊಟ್ಟ ಹೇತು ಬೆಳಕಲ್ಲ, ದ್ರವತ್ವ: ಎಷ್ಟು ಉರಿಯಲ್ಲಿಟ್ಟರೂ, ಪ್ರತಿಬಂಧಕವಿಲ್ಲದಾಗಲೂ, ಅದರ ದ್ರವತ್ವವು ನಾಶವಾಗುವುದಿಲ್ಲ, ತುಪ್ಪದಂತಹ ಪಾರ್ಥಿವ ವಸ್ತುವಿನ ದ್ರವತ್ವವಾದರೋ ಉರಿದು ನಾಶವಾಗುತ್ತದೆ. ಇದು ಕಂಡದ್ದರ ಮೇಲೆ ಕಟ್ಟಿದ ಒಳ್ಳೆಯ ಅನುಮಾನ. ಅದರ ಗೌರವ ಅದರ ಯುಕ್ತಿಯಲ್ಲಿದೆ. ಚಿನ್ನದ ಹಳದಿಗೆ ಇಂದಿನವರು ಹೇಳುವ ಕಾರಣವೂ ಬೇರೆ: ಚಿನ್ನದ ಎಲೆಕ್ಟ್ರಾನುಗಳೇ ನೀಲಿಯ ಕಡೆಯ ಬೆಳಕನ್ನು ಹೀರಿಕೊಳ್ಳುತ್ತವೆ, ಹಳದಿಯು ಅನ್ಯದ್ರವ್ಯದಿಂದ ಬಂದುದಲ್ಲ, ಚಿನ್ನದ ಸ್ವಂತದ್ದೇ. ಮೊನೆಯ ಕೆಳಗೆ ಚಿನ್ನವು ಕೆಂಪಿನ ಕಡೆಯ ಬೆಳಕನ್ನೇ ಬೀರಿ ನೀಲಿಯನ್ನು ಬೀರದಿರುವುದಕ್ಕೂ ಆ ಹೀರಿಕೆಯೇ ಕಾರಣ. ಎರಡು ಸಿದ್ಧಾಂತಗಳಲ್ಲಿ ಪ್ರತಿಜ್ಞೆಯೂ ಬೇರೆ, ಹೇತುವೂ ಬೇರೆ. ಶಬ್ದಸಾಮ್ಯವನ್ನು ಹಿಡಿದು ಅರ್ಥಸಾಮ್ಯವನ್ನು ಸಾಧಿಸುವುದಕ್ಕೆ ನಮ್ಮ ಶಾಸ್ತ್ರದಲ್ಲಿಯೇ ‘ಛಲ’ವೆಂದು ಹೆಸರುಂಟು. ಹಿಂದಿನವರಿಂದ ನಾವು ಪಡೆಯಬೇಕಾದುದು ಅವರು ಹೇಳದ ಫಲಿತಾಂಶವನ್ನಲ್ಲ, ಅವರ ಪರೀಕ್ಷೆಯ ಕ್ರಮವನ್ನು. ಈ ಲೇಖನದಲ್ಲಿ ಮಮ್ಮಟನನ್ನು ಕರೆದುದು ಆ ಕ್ರಮಕ್ಕಾಗಿಯೇ.

೭. ಉಪಸಂಹಾರ

ಪೂರ್ವಪಕ್ಷದ ವಾಕ್ಯವನ್ನು ಈಗ ನಾನು ಹೀಗೆ ತಿದ್ದಿದ್ದೇನೆ: “ಬೆಳ್ಳಿಯ ಮೇಲ್ಮೈಗೆ ಬಹು ಹತ್ತಿರ, ಆದರೆ ಮುಟ್ಟದಂತೆ, ಹರಿತವಾದ ಸೂಜಿಯ ಮೊನೆಯನ್ನು ಹಿಡಿದರೆ, ನಡುವೆ ಸಂದಿಯೇ ಇಲ್ಲದ ತಡೆಯಿದ್ದರೂ ಎಲೆಕ್ಟ್ರಾನುಗಳು ಅದನ್ನು ನುಸುಳುತ್ತವೆ. ನುಸುಳುವಾಗ ಎಲ್ಲೋ ಒಂದು ಎಲೆಕ್ಟ್ರಾನು ತನ್ನ ಶಕ್ತಿಯ ಸ್ವಲ್ಪ ಪಾಲನ್ನು ಬೆಳ್ಳಿಗೆ ಕೊಡುತ್ತದೆ. ಪೆಟ್ಟು ಬಿದ್ದ ಘಂಟೆಯಂತೆ ಬೆಳ್ಳಿಯ ಎಲೆಕ್ಟ್ರಾನುಗಳೆಲ್ಲ ಒಟ್ಟಿಗೆ ತೂಗಾಡುತ್ತವೆ. ಆಗ ಬೆಳ್ಳಿಯು ಬೆಳಗುತ್ತದೆ.” ವಾಕ್ಯ ಒಂದಿದ್ದುದು ನಾಲ್ಕಾಯಿತು, ಸಮಾಸಗಳು ಹೋದುವು, ಪಾಂಡಿತ್ಯದ ಗಾಂಭೀರ್ಯವೂ ಹೋಯಿತೆಂದು ಕೆಲವರು ಹೇಳಬಹುದು. ಆದರೆ ಅರ್ಥದಲ್ಲಿ ಏನೂ ಹೋಗಲಿಲ್ಲ, ಮೊದಲಿಲ್ಲದ ಅರ್ಥವೂ ಬಂದಿದೆ. ಸಂಸ್ಕೃತ ಪದಗಳನ್ನೆಲ್ಲ ತೊರೆಯಬೇಕೆಂಬುದು ನನ್ನ ಮತವಲ್ಲ. ‘ಶಕ್ತಿ’ ಉಳಿದಿದೆ, ಏಕೆಂದರೆ ಅದು ಕನ್ನಡಿಗರೆಲ್ಲರ ಮಾತು. ಪದವು ಎಲ್ಲಿಂದ ಬಂತೆಂಬುದಕ್ಕಿಂತ, ಕೇಳುವವನಲ್ಲಿ ಅದು ಏನನ್ನು ನಿಲ್ಲಿಸುತ್ತದೆಂಬುದು ಮುಖ್ಯ.

ಇದು ಬರಿಯ ಶಬ್ದಗಳ ಜಗಳವಲ್ಲ. ಜಾಲಹಳ್ಳಿಯಲ್ಲಿ ೧೯೯೧ರಲ್ಲಿ ಎಸ್. ಚಂದ್ರಶೇಖರರು ಆರಂಭಿಸಿದ ದ್ರವಸ್ಫಟಿಕ ಸಂಶೋಧನಾ ಕೇಂದ್ರವು ಬೆಳೆದು ಇಂದು ನ್ಯಾನೊ ಮತ್ತು ಮೃದುದ್ರವ್ಯ ವಿಜ್ಞಾನಗಳ ಕೇಂದ್ರವಾಗಿದೆ. ಭಾರತೀಯ ವಿಜ್ಞಾನ ಮಂದಿರವೂ ಜಕ್ಕೂರಿನ ಜವಾಹರಲಾಲ್ ನೆಹರೂ ಕೇಂದ್ರವೂ ಇದೇ ಊರಿನಲ್ಲಿವೆ. ಇಂತಹ ಸೂಕ್ಷ್ಮದ್ರವ್ಯಗಳ ವಿದ್ಯೆ ನಮ್ಮ ಬಾಗಿಲಲ್ಲೇ ನಡೆಯುತ್ತಿರಲು, ರಾಜಾಜಿನಗರದ ಕೈಗಾರಿಕಾ ಬೀದಿಗಳಲ್ಲಿ ಲೋಹಕ್ಕೆ ಗಿಲೀಟು ಹಾಕುವವರ ಮಗನಿಗೆ ಅದರ ಒಂದು ಮಾತೂ ತನ್ನ ಭಾಷೆಯಲ್ಲಿ ತಿಳಿಯದೆ ಹೋದರೆ ತಪ್ಪು ಯಾರದು? ಲೋಹವನ್ನು ಅವನು ನಮಗಿಂತ ಚೆನ್ನಾಗಿ ಬಲ್ಲ. ಅವನಿಗೆ ಕೊರತೆಯಾಗಿರುವುದು ಮಾತು ಒಂದೇ. ಅದನ್ನು ಒದಗಿಸಬೇಕಾದವರು ಭಾಷೆಯ ಅನ್ನವನ್ನು ಉಣ್ಣುತ್ತಿರುವ ನಾವು.

ಕಳೆದ ವರ್ಷ ಆ ಹುಡುಗಿ ಕೆಂಗೇರಿಯ ಒಂದು ಶಾಲೆಯಲ್ಲಿ ಇದೇ ವಿಷಯವನ್ನು ಈ ತಿದ್ದಿದ ಮಾತುಗಳಲ್ಲಿ ಹೇಳಿದಳು. ಅಲ್ಲಿ ಸುರಂಗದ ಪ್ರಶ್ನೆ ಬರಲಿಲ್ಲ. ಬದಲಾಗಿ ಒಬ್ಬ ಬಾಲಕಿ, “ಬೆಳಕು ಕೊಡದ ಉಳಿದ ಎಲೆಕ್ಟ್ರಾನುಗಳ ಶಕ್ತಿ ಎಲ್ಲಿಗೆ ಹೋಯಿತು, ಅಕ್ಕ?” ಎಂದು ಕೇಳಿದಳಂತೆ. ಅವು ಆಚೆಯ ಲೋಹದೊಳಗೆ ಹೋಗಿ ಶಕ್ತಿಯನ್ನು ಶಾಖವಾಗಿ ಕಳೆದುಕೊಳ್ಳುತ್ತವೆ ಎಂದು ಹೇಳುವುದಕ್ಕೆ ಈ ಸಲ ಅವಳು ಇಂಗ್ಲಿಷಿಗೆ ಹೋಗಬೇಕಾಗಲಿಲ್ಲ. ವಸ್ತುವನ್ನೇ ಕುರಿತ ಪ್ರಶ್ನೆ ಕೇಳುಗರಲ್ಲಿ ಹುಟ್ಟಿತೆಂಬುದೇ ಮಾತು ಅರ್ಥವನ್ನು ಮುಟ್ಟಿಸಿತೆಂಬುದಕ್ಕೆ ಪ್ರಮಾಣವೆಂದು ನಾನು ತಿಳಿದಿದ್ದೇನೆ. ‘ನುಸುಳು’ವಿಗಿಂತ ಮೇಲಾದ ಪದವು ವಿದ್ವಾಂಸರಿಗೆ ತೋರಿದಲ್ಲಿ ಅದನ್ನು ಇದೇ ಪತ್ರಿಕೆಯಲ್ಲಿ ಪ್ರಕಟಿಸಿ ಉಪಕರಿಸಬೇಕೆಂದು ಪ್ರಾರ್ಥಿಸುತ್ತೇನೆ, ಅದನ್ನು ಆ ಹುಡುಗಿಗೆ ತಲಪಿಸುವ ಹೊಣೆ ನನ್ನದು.